ಜಡೆತೊಟ್ಟಿ

ನಾಗರವಳ್ಳಿಯ ಹಳೆಯ ಅರಮನೆ ಈಗ ವಸ್ತುಸಂಗ್ರಹಾಲಯ. ಮುಂದಿನ ಪಡಸಾಲೆಯಲ್ಲಿ ಶಾಸನಗಳನ್ನೂ ವೀರಗಲ್ಲುಗಳನ್ನೂ ನಿಲ್ಲಿಸಿದ್ದಾರೆ. ಒಳಕೋಣೆಗಳಲ್ಲಿ ದೊರೆಗಳ ಕತ್ತಿ, ಪಲ್ಲಕ್ಕಿ, ದಂತದ ಪೆಟ್ಟಿಗೆಗಳಿವೆ. ಬಾಗಿಲ ಮೇಲೆ ಇಲಾಖೆ ಬರೆಸಿದ ಉದ್ದನೆಯ ಹೆಸರಿದ್ದರೂ ಊರವರಿಗೆ ಇಡೀ ಕಟ್ಟಡ 'ಜಡೆತೊಟ್ಟಿ'. ಬಸ್ಸಿನ ಕಂಡಕ್ಟರೂ ಹಾಗೆಂದೇ ಕೂಗಿ ಜನರನ್ನು ಇಳಿಸುತ್ತಾನೆ.

ಹಿಂದೆ ಒಮ್ಮೆ ಇಲ್ಲಿ ಮುದ್ದಿನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಅವನ ಒಬ್ಬಳೇ ಮಗಳು ಪದ್ಮಾಜಿ ಆಡುವ ವಯಸ್ಸಿನಲ್ಲೇ ಸಿಡುಬಿಗೆ ತೀರಿಕೊಂಡಳು. ಮಗುವಿನ ರೂಪ ಕಣ್ಣಿನಿಂದ ಮಾಸುತ್ತಿದೆ ಎಂದು ರಾಣಿ ಚೆನ್ನಾಜಮ್ಮ ಕೊರಗತೊಡಗಿದಾಗ, ದೊರೆ ಅಂತಃಪುರದ ಒಳಾಂಗಳವಾದ ತೊಟ್ಟಿಯ ಗೋಡೆಯ ಮೇಲೆ ಮಗಳ ಚಿತ್ರ ಬರೆಸಲು ಹೊರಟ. ಪರಸ್ಥಳದ ಇಬ್ಬರು ಚಿತ್ರಗಾರರು ಬಂದು, ಅವರಿವರನ್ನು ಕೇಳಿ, ಚೆಂದದ ಮುಖಗಳನ್ನು ಬರೆದರು. "ಇವಳು ನನ್ನ ಮಗಳಲ್ಲ" ಎಂದು ರಾಣಿ ಎರಡಕ್ಕೂ ಸುಣ್ಣ ಬಳಿಸಿದಳು. ಕೊನೆಗೆ ಅರಮನೆಯ ಚಿತ್ರಗಾರ ಹೊನ್ನಯ್ಯನಿಗೆ ಕರೆ ಹೋಯಿತು. ಈ ಸಲವೂ ಕೆಟ್ಟರೆ ಊರು ಬಿಡಬೇಕು ಎಂದ ದೊರೆ.

ಹೊನ್ನಯ್ಯ ಆ ಮಗುವನ್ನು ಕಂಡಿದ್ದು ಒಂದೇ ಸಲ, ಅದೂ ಬೆನ್ನ ಕಡೆಯಿಂದ. ಅವನು ತೊಲೆಗಳಿಗೆ ಬಣ್ಣ ಹಚ್ಚುತ್ತಿದ್ದಾಗ ಅವಳು ಗಿಳಿಯ ಹಿಂದೆ ಓಡುತ್ತ ಕೆಳಗೆ ಹಾದುಹೋಗಿದ್ದಳು. ಇಲ್ಲದ ಮುಖವನ್ನು ಊಹಿಸಿ ಬರೆಯಲು ಅವನ ಕೈ ಏಳಲಿಲ್ಲ. ಬರೆಯದಿದ್ದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದೆಂದು ತಿಳಿಯಲಿಲ್ಲ. ಕಡೆಗೆ ಗೋಡೆಗೆ ಪರದೆ ಕಟ್ಟಿಸಿಕೊಂಡು, ದೇವರ ಮೇಲೆ ಭಾರ ಹಾಕಿ, ಕಂಡಷ್ಟನ್ನೇ ಬರೆದ.

ಪರದೆ ಸರಿದಾಗ ದೊರೆ ಕೆರಳಿದ. "ಮುಖ ಎಲ್ಲಯ್ಯ?"

"ನಾನು ಕಂಡಿಲ್ಲ, ಮಹಾಸ್ವಾಮಿ. ಅಮ್ಮಣ್ಣಿಯವರು ತಿರುಗಿ ನೋಡಲಿಲ್ಲ."

ದೊರೆ ಕಾವಲಿನವರನ್ನು ಕರೆಯುವಷ್ಟರಲ್ಲಿ ರಾಣಿ ಗೋಡೆಯ ಹತ್ತಿರ ಹೋಗಿದ್ದಳು. ಚಿತ್ರದಲ್ಲಿ ಜಡೆ ಅರ್ಧಕ್ಕಷ್ಟೇ ಹೆಣೆದಿತ್ತು. ಉಳಿದ ಕೂದಲು ಬಿಚ್ಚಿ ಹಾರುತ್ತಿತ್ತು. ಅವಳು ಅದನ್ನು ಬೆರಳಿನಿಂದ ಸವರಿದಳು. "ಒಂದು ದಿನವಾದರೂ ಪೂರ್ತಿ ಹೆಣೆಯಲು ಬಿಟ್ಟಳೇ? ನಡುವೆಯೇ ಕೊಸರಿಕೊಂಡು ಓಡುತ್ತಿದ್ದಳು" ಎಂದು ಅಲ್ಲೇ ಕುಸಿದು, ಮಗಳು ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು ಎನ್ನುತ್ತಾರೆ. ದೊರೆ ಮಡದಿಯ ಪಕ್ಕ ನೆಲದ ಮೇಲೆಯೇ ಕುಳಿತ. ಹೊನ್ನಯ್ಯ ಬಣ್ಣದ ಕುಡಿಕೆಗಳನ್ನು ಎತ್ತಿಕೊಂಡು ಸದ್ದಿಲ್ಲದೆ ಮನೆಗೆ ಹೋದ. ಊರು ಬಿಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆ ತೊಟ್ಟಿಗೆ ಅಂದಿನಿಂದ ಜಡೆತೊಟ್ಟಿ ಎಂದು ಹೆಸರಾಗಿ, ಬರುಬರುತ್ತ ಇಡೀ ಅರಮನೆಗೆ ಅದೇ ನಿಂತಿತು. ಇಂದು ಗೋಡೆಯ ಬಣ್ಣ ಬಹಳಷ್ಟು ಉದುರಿದೆ. ಹುಡುಗಿಯ ಬೆನ್ನು, ಚಾಚಿದ ಕೈ, ಕೆದರಿದ ಜಡೆ ಮಾತ್ರ ಸ್ಪಷ್ಟವಾಗಿವೆ. ನೋಡಲು ಬರುವ ಮಕ್ಕಳು ಮುಖ ಕಂಡೀತೆಂದು ಗೋಡೆಗೆ ಕೆನ್ನೆ ತಾಗಿಸಿ ಪಕ್ಕದಿಂದ ಇಣುಕುತ್ತಾರೆ.