ಭಾವಚಿತ್ರದ ಉದ್ಘಾಟನೆ

ನಮ್ಮೂರ ಆಸ್ಪತ್ರೆಯ ಒಂದು ಕಂಪ್ಯೂಟರ್‌ನಲ್ಲೂ ಆಡಳಿತಾಧಿಕಾರಿ ತ್ರಿಲೋಚನಯ್ಯನವರ ಭಾವಚಿತ್ರವಿಲ್ಲ ಎಂಬ ಆಘಾತಕಾರಿ ಸಂಗತಿ ಸೋಮವಾರ ಬೆಳಕಿಗೆ ಬಂತು. ಬೆಳಕಿಗೆ ತಂದವರು ತ್ರಿಲೋಚನಯ್ಯನವರೇ.

ತಮ್ಮ ಸನ್ಮಾನದ ಫೋಟೊಗಳಿದ್ದ ಪೆನ್‌ಡ್ರೈವನ್ನು ಗುಮಾಸ್ತನ ಮುಂದೆ ಎಸೆದು, "ಈಗಲೇ ಎಲ್ಲ ಕಂಪ್ಯೂಟರ್‌ಗೂ ಹಾಕು" ಎಂದರು.

"ಇದು ಸ್ಟುಡಿಯೋದಿಂದ ಬಂದದ್ದು ಸರ್. ಊರಿನವರ ಪೆನ್‌ಡ್ರೈವ್ ಎಲ್ಲಾ ಅಲ್ಲೇ ಚುಚ್ಚೋದು. ವೈರಸ್ ಇದ್ದರೆ ರೋಗಿಗಳ ರಿಪೋರ್ಟೆಲ್ಲ ಅಳಿಸಿಹೋಗುತ್ತೆ. ಮೊದಲು ಪರೀಕ್ಷೆ ಮಾಡಿಸೋಣ."

"ನನ್ನ ಮುಖಕ್ಕೆ ಪರೀಕ್ಷೆಯೇನಯ್ಯಾ?"

ಗುಮಾಸ್ತ ಕೈಮುಗಿದ. "ತಪ್ಪಾಯ್ತು ಸರ್. ಆದರೆ ಉದ್ಘಾಟನೆ ತಮ್ಮ ಕೊಠಡಿಯಲ್ಲಿ, ತಮ್ಮ ಕೈಯಿಂದಲೇ ಆಗಬೇಕು. ಮೂತ್ರಪರೀಕ್ಷೆ ವಿಭಾಗದಲ್ಲಿ ಮೊದಲು ತೆರೆದರೆ ತಮ್ಮ ಮರ್ಯಾದೆ ಏನಾದೀತು?"

ಸಾಹೇಬರಿಗೆ ಈ ಮಾತು ಬಹಳ ಹಿಡಿಸಿತು. ಅವರು ತಲೆ ಬಾಚಿಕೊಳ್ಳುತ್ತಿದ್ದಾಗ ಗುಮಾಸ್ತ, ಅವರ ಕಂಪ್ಯೂಟರನ್ನು ಉಳಿದವಕ್ಕೆ ಜೋಡಿಸಿದ್ದ ವೈರನ್ನು ಮೆಲ್ಲಗೆ ಕಿತ್ತ. ಸಿಬ್ಬಂದಿಯ ಚಪ್ಪಾಳೆಯ ನಡುವೆ ಸಾಹೇಬರು ಪೆನ್‌ಡ್ರೈವ್ ಚುಚ್ಚಿ, ಗತ್ತಿನಿಂದ ಬಟನ್ ಒತ್ತಿದರು.

ಫೋಟೊ ಬರಲಿಲ್ಲ. ಅವರ ಕಡತಗಳು ಒಂದೊಂದಾಗಿ ಮಾಯವಾದವು.

"ಏನೋ ಇದು?"

"ಪರೀಕ್ಷೆ ಮುಗಿಯಿತು ಸರ್. ವೈರಸ್ ಇದೆ. ಉಳಿದ ಕಂಪ್ಯೂಟರ್‌ಗಳಿಗೂ ಹಾಕಲೇ?"

ಸಾಹೇಬರು ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡರು. ಅವರ ಕಂಪ್ಯೂಟರ್ ರಿಪೇರಿಗೆ ಹೋಯಿತು. ರೋಗಿಗಳಿಗೆ ಅಂದಿನ ರಿಪೋರ್ಟ್‌ಗಳು ಎಂದಿನಂತೆ ಮಧ್ಯಾಹ್ನ ಸಿಕ್ಕಿದವು.