ಶೇಂಗಾ ತವರಿಗೆ ಹೋದದ್ದು

ಜಗತ್ತಿಗೆ ಬಳಿದ ಬಣ್ಣ ಇನ್ನೂ ಒಣಗದೆ, ಮುಟ್ಟಿದವರ ಕೈಗೆಲ್ಲ ಅಂಟುತ್ತಿದ್ದ ಕಾಲವದು. ಗಿಡಗಳೆಲ್ಲ ಭೂಮವ್ವನ ಹೆಣ್ಣುಮಕ್ಕಳು. ಮೇಲಿನ ಬಯಲಿಗೆ ಅವರನ್ನು ಮದುವೆ ಮಾಡಿ ಕಳಿಸಿದ್ದಳು. ಬೇರು ತವರಲ್ಲಿ, ತಲೆ ಅತ್ತೆಮನೆಯಲ್ಲಿ.

ಅತ್ತೆ ಎಂದರೆ ಗಾಳಿಯವ್ವ. ಏಳು ಸಮುದ್ರ ಸುತ್ತಿದವಳು. ಮನೆಯಲ್ಲಿ ಒಂದು ಗಳಿಗೆ ಕೂತವಳಲ್ಲ, ಆದರೆ ಮನೆಯ ರೀತಿರಿವಾಜೆಲ್ಲ ಅವಳದೇ.

"ನಮ್ಮ ಮನಿ ಸೊಸ್ತೇರು ಮ್ಯಾಲೇ ಹೂ ಬಿಡಬೇಕು, ಮ್ಯಾಲೇ ಹೆರಬೇಕು. ನಾಕು ಮಂದಿ ನೋಡಬೇಕು!" ಎನ್ನುತ್ತಿದ್ದಳು.

ಕಿರಿಸೊಸೆ ಶೇಂಗಾ. ಕುಳ್ಳಿ. ಹಳದಿ ಹೂ ಮುಡಿದು ನಗುನಗುತ್ತಿದ್ದವಳು ಬಸುರಾದಳು. ಆದದ್ದೇ ತಡ, ಏನೂ ಸೇರದು.

"ಏನ್ ಬೇಕವ್ವಾ?" ಎಂದಳು ಗಾಳಿಯವ್ವ. "ಮಾವಿನಹೂವಿನ ಘಮ ತರ್ಲ್ಯಾ? ಕಡಲಿನ ಉಪ್ಪು ತರ್ಲ್ಯಾ?"

"ಬ್ಯಾಡ್ರೀ ಅತ್ತಿ."

ಘಮ ಬಂತು, ಮುಖ ತಿರುಗಿಸಿದಳು. ಉಪ್ಪು ಬಂತು, ಮುಖ ತಿರುಗಿಸಿದಳು. ಹಳದಿ ಎಸಳು ಬಾಡಿ ಉದುರಿತು. ಒಳಗಿನ ಕೂಸು ದಿನದಿನಕ್ಕೆ ಸೊರಗುವುದು ಅವಳಿಗೆ ತಿಳಿಯುತ್ತಿತ್ತು.

ಓರಗಿತ್ತಿ ಜೋಳ ಮೇಲಿನಿಂದ ಬಗ್ಗಿ ನೋಡಿದಳು. "ನಾ ನೋಡು, ನೆತ್ತಿ ಮ್ಯಾಲೇ ತೊಟ್ಟಿಲಾ ಕಟ್ಟೀನಿ. ನಿಂದೇನ ನಖರಾ?"

"ಯಕ್ಕಾ, ನನಗ ಹಸಿ ಮಣ್ಣು ಬೇಕು," ಪಿಸುಗುಟ್ಟಿದಳು ಶೇಂಗಾ. "ಅವ್ವನ ಮಡಿಲಿನ ವಾಸನಿ ಬೇಕು. ಹೇಳಾಕ ನಾಚಿಕಿ."

ಜೋಳ ನಕ್ಕ ಅಬ್ಬರಕ್ಕೆ ತಲೆಯ ಮೇಲಿನ ಗುಬ್ಬಿಗಳೆಲ್ಲ ಹಾರಿದವು. ಗುಬ್ಬಿ ಬಾಯಿಗೆ ಬಿದ್ದ ಮಾತು ಗಾಳಿಯ ಕಿವಿಗೆ ಬೀಳದಿರುತ್ತದೆಯೇ?

"ಮಣ್ಣು?" ಗಾಳಿಯವ್ವ ಸುಂಟರಗಾಳಿಯಾಗಿ ಬಂದಳು. "ಇಡೀ ಜಗತ್ತು ತಂದು ಮುಂದಿಟ್ರ, ಇಕಿಗೆ ಮಣ್ಣು ಬೇಕಂತ!"

ಶೇಂಗಾ ನೆಲಕ್ಕೆ ಬಾಗಿದಳು. ಆದರೂ ಬಾಯಿ ಬಿಟ್ಟಳು. "ಅತ್ತಿ, ಕೂಸು ಒಣಗಾಕತ್ತೈತ್ರಿ. ಚೊಚ್ಚಲ ಹೆರಿಗಿ ತವರಾಗ ಆಗ್ಲಿ. ನೀವು ಇಷ್ಟು ಊರು ಸುತ್ತೀರಿ, ಬಸರಿ ಬಯಕಿಗೆ ಇಲ್ಲ ಅನ್ನೋ ಊರು ಎಲ್ಲ್ಯಾರ ಐತೇನ್ರಿ?"

ಗಾಳಿಯವ್ವ ನಿಂತಳು. ಎಲೆಯೊಂದೂ ಅಲುಗಲಿಲ್ಲ. ಸುತ್ತಿದ ಊರನ್ನೆಲ್ಲ ಮನಸ್ಸಿನಲ್ಲೇ ಮತ್ತೊಮ್ಮೆ ಸುತ್ತಿ ಬಂದಳು.

"ಇಲ್ಲವ್ವಾ," ಎಂದಳು ಕೊನೆಗೆ. "ಎಲ್ಲೂ ಇಲ್ಲ. ಹೋಗು. ಆದ್ರ ಸೊಸೀನ ಬರಿಗೈಲೆ ಕಳಿಸಿದ್ಲು ಅಂತ ನಿಮ್ಮವ್ವ ಆಡಿಕೊಳ್ಳಬಾರದು, ನೋಡು!"

ಅಲ್ಲಿಂದ ಇಲ್ಲಿಂದ ಮೋಡ ತಳ್ಳಿಕೊಂಡು ಬಂದು ಸೋ ಎಂದು ಮಳೆ ಸುರಿಸಿದಳು. ಗಟ್ಟಿ ನೆಲ ಕಲಸಿದ ಹಿಟ್ಟಿನಂತೆ ಮೆತ್ತಗಾಯಿತು.

ಹೂ ಉದುರಿದ ಜಾಗದಿಂದ ಸೂಜಿಯಂಥ ದಂಟು ಹೊರಟಿತು. ಬಗ್ಗಿತು, ಇಳಿಯಿತು, ಹಸಿಮಣ್ಣಿನೊಳಗೆ ನುಗ್ಗಿತು.

"ಬಂದ್ಯಾ ನನ್ನವ್ವಾ! ಎಷ್ಟ ಸೊರಗೀದಿ!" ಎಂದು ಭೂಮವ್ವ ಮಗಳನ್ನು ಬೆಚ್ಚಗಿನ ಕತ್ತಲೆ ಕೋಣೆಗೆ ಕರೆದೊಯ್ದಳು. ಕೂಸಿಗೆ ಒರಟು ಕೌದಿ ಹೊದಿಸಿದಳು. ಹೊದಿಸುವಾಗ ನೋಡಿದರೆ, ಒಂದಲ್ಲ, ಎರಡು!

"ಅವಳಿ!" ಎಂದು ಕೆಳಗಿನಿಂದ ಕೂಗು ಬಂತು. ಮೇಲೆ ಗಾಳಿಯವ್ವ ಕುಣಿದ ಕುಣಿತಕ್ಕೆ ಜೋಳದ ತಲೆಯೆಲ್ಲ ಕೆದರಿಹೋಯಿತು.

ಎರಡನೆಯ ಹೆರಿಗೆಗೂ ಶೇಂಗಾ ತವರಿಗೇ ಹೋದಳು, ಮೂರನೆಯದಕ್ಕೂ. ರುಚಿ ಹತ್ತಿದವಳನ್ನು ತಡೆಯುವವರು ಯಾರು?

ಎಷ್ಟೋ ಕಾಲದ ಮೇಲೆ ಕನ್ನಡಕದ ಪಂಡಿತರು ಬಂದು ಇದಕ್ಕೊಂದು ಹೆಸರು ಹುಡುಕಿದರು. ಗ್ರೀಕರ ಮಾತಿನಲ್ಲಿ 'ಜಿಯೊ' ಎಂದರೆ ಭೂಮಿ, 'ಕಾರ್ಪೋಸ್' ಎಂದರೆ ಹಣ್ಣು. ಎರಡನ್ನೂ ಸೇರಿಸಿ ಹೊಲಿದು 'ಜಿಯೊಕಾರ್ಪಿ' ಎಂದರು: ನೆಲದೊಳಗೆ ಕಾಯಿ ಕಟ್ಟುವುದು. ಹೆರಿಗೆಗೆ ತವರಿಗೆ ಹೋಗುವುದು ಎಂದಿದ್ದರೆ ನಮ್ಮ ಅಜ್ಜಿಯರಿಗೂ ತಿಳಿಯುತ್ತಿತ್ತು.

ಅದಕ್ಕೇ ಮರಿ, ಇವತ್ತಿಗೂ ಶೇಂಗಾದ ಹೂ ಮೇಲೆ ಗಾಳಿಯಲ್ಲಿ ಅರಳುತ್ತದೆ, ಕಾಯಿ ಮಾತ್ರ ಅಜ್ಜಿಯ ಮನೆಯಲ್ಲೇ ಹುಟ್ಟುತ್ತದೆ.