ಬೆವರುಗಲ್ಲು

ಕೆಂಚನಕಣಿವೆಯ ಏರು ಮುಗಿದು ಬಯಲುಸೀಮೆ ಕಣ್ಣಿಗೆ ಬೀಳುವ ತಿರುವಿನಲ್ಲಿ, ರಸ್ತೆಯ ಎಡಕ್ಕೆ, ಸೊಂಟದೆತ್ತರದ ಕರಿಗಲ್ಲೊಂದಿದೆ. ಏರು ಹತ್ತಿ ಕಾದ ಇಂಜಿನ್ ತಣಿಯಲೆಂದು ಲಾರಿಯವರು ಅಲ್ಲೇ ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ಸುತ್ತಲ ಬಂಡೆಗಳೆಲ್ಲ ಕಾದ ಹಂಚಾದರೂ ಈ ಕಲ್ಲಿನ ನೆತ್ತಿ ಮಾತ್ರ ಒದ್ದೆ. ಒಳಗೆ ಎಲ್ಲೋ ನೀರಿನ ಸೆಲೆ ಇದೆ ಎಂದು ತಿಳಿದವರು ಹೇಳುತ್ತಾರೆ, ಇದ್ದೀತು. ಸಂತೆಗೆ ಹೋಗುವ ವ್ಯಾಪಾರಿಗಳು ಮಾತ್ರ ಬೆವರುಗಲ್ಲು ಎಂದೇ ಅದನ್ನು ಕರೆಯುತ್ತಾರೆ, ಕಾರಣವನ್ನೂ ಹೇಳುತ್ತಾರೆ.

ಹಿಂದೆ ಒಮ್ಮೆ, ಕರಾವಳಿಯ ಉಪ್ಪು ಎತ್ತಿನ ಬೆನ್ನೇರಿ ಘಟ್ಟ ಹತ್ತುತ್ತಿದ್ದ ಕಾಲದಲ್ಲಿ, ಬಸವಂತಸೆಟ್ಟಿ ಎಂಬ ಉಪ್ಪಿನ ವ್ಯಾಪಾರಿ ಇದ್ದನಂತೆ. ಅಜ್ಜನ ಕಾಲದಿಂದ ಬಂದ ದಂಧೆ. ಹೆಂಡತಿ ತೀರಿಕೊಂಡ ಮೇಲೆ ಮಗಳು ಗುರವ್ವನನ್ನು ಯಾರ ಮನೆಯಲ್ಲೂ ಬಿಡದೆ ತನ್ನ ಜೊತೆಗೇ ದಾರಿಗೆ ಕರೆದೊಯ್ದು ಬೆಳೆಸಿದ. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವುದು, ಹಿಡಿಯಲ್ಲಿ ಒತ್ತಿ ಉಪ್ಪಿನ ತೇವ ತಿಳಿಯುವುದು, ಎಲ್ಲವನ್ನೂ ಕಲಿಸಿದ. "ವ್ಯಾಪಾರಕ್ಕ ನಿಂತಾಗ ಮಾರಿ ಕಲ್ಲಾಗಿರಬೇಕವ್ವಾ" ಎಂಬುದು ಅವನ ನಿತ್ಯದ ಪಾಠ.

ಒಂದು ಪಯಣದಲ್ಲಿ, ಒರತೆಗೆ ನೀರಿಗೆಂದು ಹೋದ ಗುರವ್ವನನ್ನು ಕತ್ತಿಮಲ್ಲನೆಂಬ ದರೋಡೆಕೋರನ ಕಡೆಯವರು ಹಿಡಿದರು. ಸೆಟ್ಟಿ ಒಬ್ಬನೇ ಈ ಕಲ್ಲಿನ ಬಳಿ ಬಂದು, ಎತ್ತುಗಳನ್ನು ಒಪ್ಪಿಸಿ ಮಗಳನ್ನು ಬಿಡಿಸಿಕೊಳ್ಳಬೇಕು. ವ್ಯವಹಾರ ಮುರಿದರೆ ಅವಳಿಗೆ ಕಮರಿಯೇ ಗತಿ ಎಂದು ಮಲ್ಲ ಹೇಳಿಕಳಿಸಿದ. ಮಲ್ಲ ಹಿಂದೆ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು. ಎಷ್ಟು ಎತ್ತು ಎಂದು ಬಾಯಿಬಿಟ್ಟು ಮಾತಾಡಿದರೆ ತನ್ನವರೇ ಪಾಲಿಗಾಗಿ ಕಚ್ಚಾಡುತ್ತಾರೆಂದು ಬಲ್ಲ. ಸಂತೆಯ ಪದ್ಧತಿಯಂತೆ ಸೆಟ್ಟಿಯ ಹೆಗಲ ವಲ್ಲಿವಸ್ತ್ರವನ್ನು ಕಲ್ಲಿನ ಮೇಲೆ ಹಾಸಿದರು. ಅದರ ಮರೆಯಲ್ಲಿ ಇಬ್ಬರೂ, ಬೆರಳಿಗಿಷ್ಟು ಎತ್ತೆಂದು, ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಕಟ್ಟತೊಡಗಿದರು.

ಕಮರಿಯ ಅಂಚಿನಲ್ಲಿ, ತೋಳು ಹಿಡಿಸಿಕೊಂಡು ನಿಂತಿದ್ದ ಗುರವ್ವನಿಗೆ ಕಂಡದ್ದು ವಲ್ಲಿಯ ಅಲುಗಾಟ ಮತ್ತು ಅಪ್ಪನ ಮುಖ. ಮುಖ ಕಲ್ಲಾಗಿತ್ತು. ಕುಂಟೆತ್ತು ಕೊಳ್ಳುವಾಗಲೂ ಅವನು ಹೀಗೇ ಇರುತ್ತಿದ್ದ. ಒಮ್ಮೆಯೂ ಅವಳತ್ತ ನೋಡಲಿಲ್ಲ.

"ಏನ್ ಸೆಟ್ರ, ಹೆತ್ತ ಮಗಳಿಗೂ ಚೌಕಾಸಿ ಏನು?" ಎಂದು ಮಲ್ಲ ನಕ್ಕ.

"ತಗೊಳ್ಳಾವ ನಾ. ಹೊಂದಿದ್ರ ಕೊಡು" ಎಂದ ಸೆಟ್ಟಿ. ಬೆರಳುಗಳು ಮತ್ತೆ ಆಡಿದವು. ಇದ್ದಕ್ಕಿದ್ದಂತೆ ಅವನು ಕೈ ಕಿತ್ತುಕೊಂಡು, ವಲ್ಲಿ ಮುದ್ದೆಮಾಡಿ ಹೆಗಲಿಗೆಸೆದು, ಇಳಿಜಾರು ಹಿಡಿದು ನಡೆದೇಬಿಟ್ಟ. ಗುರವ್ವನ ಹಿಮ್ಮಡಿಯ ಕೆಳಗಿನ ಕಲ್ಲೊಂದು ಜಾರಿ ಕಮರಿಗೆ ಬಿತ್ತು. "ಯಪ್ಪಾ!" ಎಂದು ಚೀರಿದಳು. ಅವನು ತಿರುಗಲಿಲ್ಲ. ತಲೆಯ ರುಮಾಲು ಕಾಣುತ್ತಿತ್ತು. ಆಮೇಲೆ ಅದೂ ಬಂಡೆಯ ಮರೆಯಾಯಿತು. ಮಲ್ಲ ಮೀಸೆ ಕಡಿಯುತ್ತ ನಿಂತಿದ್ದ. ಅವಳ ತೋಳು ಹಿಡಿದವನು ಅಪ್ಪಣೆಗಾಗಿ ಅವನ ಮುಖ ನೋಡಿದ.

"ಸೆಟ್ರ! ಬರ್ರಿ, ಬರ್ರಿ" ಎಂದು ಮಲ್ಲ ಕೊನೆಗೂ ಕೂಗಿದ.

ಸೆಟ್ಟಿ ಅವಸರವಿಲ್ಲದೆ ಮೇಲೆ ಬಂದ. ವಲ್ಲಿ ಮತ್ತೆ ಕಲ್ಲಿನ ಮೇಲೆ ಬಿತ್ತು. ಮಾತು ಮುಗಿದು, ಗುರವ್ವನ ತೋಳು ಬಿಟ್ಟರು.

ಮಗಳ ತೋಳಿಗೆ ವಲ್ಲಿ ಹಾಕಿ "ಮಾರಿ ಒರಸಿಕೋ" ಎಂದು ಸೆಟ್ಟಿ ಮುಂದೆ ನಡೆದ. ಕೋಪದಲ್ಲಿ ಅವಳು ಅದನ್ನು ಕೈಯಿಂದ ಮುಟ್ಟದೆ ಹಾಗೇ ಅವನ ಹಿಂದೆ ನಡೆದಳು.

"ಅಂವ ಕರೀದಿದ್ರ?"

"ಕೇಳಿದ್ದಕ್ಕ ಹೂಂ ಅಂದಿದ್ರ, ಮನ್ಯಾಗ ಇನ್ನೂ ಐತಿ ಅಂತ ನಿನ್ನ ಬಿಡ್ತಿರಲಿಲ್ಲ."

"ಎಷ್ಟು ಕೊಟ್ಟಿ?"

"ವಲ್ಲ್ಯಾಗಿನ ಮಾತು ವಲ್ಲ್ಯಾಗ."

ಆಗ ಅವಳ ತೋಳಿಗೆ ತಣ್ಣಗಾಯಿತು. ವಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಒರತೆಯ ಹತ್ತಿರಕ್ಕೂ ಹೋಗಿರಲಿಲ್ಲ. ಗುರವ್ವ ಹೆಜ್ಜೆ ಚುರುಕುಮಾಡಿ ಅಪ್ಪನ ಪಕ್ಕಕ್ಕೆ ಬಂದು ಅವನ ಕೈ ಹಿಡಿದಳು. ಅಂಗೈ ಇನ್ನೂ ಬೆವರುತ್ತಿತ್ತು.

ಎತ್ತುಗಳು ಎಷ್ಟು ಹೋದವೋ ಯಾರಿಗೂ ತಿಳಿಯಲಿಲ್ಲ. ಅಪ್ಪ ಮಗಳು ತಲೆಯ ಮೇಲೆ ಉಪ್ಪು ಹೊತ್ತು ಮತ್ತೆ ವ್ಯಾಪಾರ ಕಟ್ಟಿದರು ಎನ್ನುತ್ತಾರೆ. ಸೆಟ್ಟಿ ತೀರಿಕೊಂಡ ಮೇಲೆ ದಂಧೆ ನಡೆಸಿದವಳು ಗುರವ್ವನೇ. ಕಣಿವೆ ಹತ್ತಿದಾಗಲೆಲ್ಲ ಆ ವಲ್ಲಿಯನ್ನು ಕಲ್ಲಿಗೆ ಹೊದಿಸಿ, ಅದರೊಳಗೆ ಕೈಯಿಟ್ಟು ತುಸು ಹೊತ್ತು ನಿಲ್ಲುತ್ತಿದ್ದಳಂತೆ.

ಈಗಲೂ ದೊಡ್ಡ ವ್ಯವಹಾರಕ್ಕೆ ಹೊರಟವರು ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಕಲ್ಲಿನ ಮೇಲೆ ಟವೆಲ್ ಹಾಸಿ, ಚಹಾ ಕುಡಿದು ಬಂದು ಎತ್ತಿಕೊಳ್ಳುತ್ತಾರೆ. ಎಂಥ ಬಿಸಿಲಿನಲ್ಲೂ ಅದು ಒದ್ದೆಯಾಗಿಯೇ ಕೈಗೆ ಬರುತ್ತದೆ.